ಈ ಏರು ಯಾರು ಹಾಕಿದ್ದು?

ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಶಹರದಲ್ಲಿ ಕೆಲಸದ ಮೇಲೆ ಕೆಲವು ವರ್ಷ ಇದ್ದೆ. ಶಹರ ಸಮುದ್ರದ ಮಗ್ಗುಲಲ್ಲೇ ಇದೆ. ಭಾನುವಾರ ಬಂತೆಂದರೆ ಜನ ಟವೆಲು ಛತ್ರಿ ಹಿಡಿದು ಮರಳ ದಂಡೆಗೆ ಹೊರಡುತ್ತಾರೆ. ನಾನು ಎದುರು ದಿಕ್ಕಿಗೆ, ಉತ್ತರದ ಸೆವೆನ್ನ್ ಬೆಟ್ಟಸೀಮೆಗೆ ಸೈಕಲ್ ಒಯ್ಯುತ್ತಿದ್ದೆ. ಆಲ್ಪ್ಸ್, ಪಿರೆನೀಸ್ ಎಂದರೆ ಟಿವಿಯಲ್ಲಿ ಸೈಕಲ್ ರೇಸು ನೋಡಿದವರಿಗೆಲ್ಲ ಗೊತ್ತು. ಇದು ಅವೆರಡೂ ಅಲ್ಲ. ಫ್ರಾನ್ಸಿನ ನಡುವಿನ ಮಾಸಿಫ್ ಸೆಂತ್ರಾಲ್ ಎಂಬ ಹಳೆಯ ಬೆಟ್ಟನಾಡು ತೆಂಕಣಕ್ಕೆ ಬಂದು ಮುಗಿಯುವ ಅಂಚು. ಎತ್ತರದಲ್ಲಿ ಹೇಳಿಕೊಳ್ಳುವಂಥದ್ದೇನಲ್ಲ. ಇಲ್ಲಿನ ಅತಿ ಎತ್ತರದ ಫಿನಿಯೆಲ್ ಶಿಖರ 1,699 ಮೀಟರು, ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ.

ಆದರೆ ಸೈಕಲ್ ತುಳಿಯುವವರನ್ನು ಹಣ್ಣು ಮಾಡುವುದು ಎತ್ತರವಲ್ಲ, ಕಣಿವೆಗಳು. ಅಲ್ಲಿ ಹೆಜ್ಜೆಗೊಂದು ಹೊಳೆ, ಹೊಳೆಗೊಂದು ಆಳದ ಕಣಿವೆ, ಕಣಿವೆಗಳ ನಡುವೆ ಕತ್ತಿ ನಿಲ್ಲಿಸಿದಂಥ ಏಣು. ಪಕ್ಕದ ಊರಿಗೆ ಹೋಗಬೇಕೆಂದರೂ ಒಂದು ಬೆಟ್ಟ ಹತ್ತಿ ಇಳಿಯಬೇಕು. ನಕ್ಷೆಯಲ್ಲಿ ಎರಡು ಬೆರಳಗಲ ಕಾಣುವ ದೂರಕ್ಕೆ ಪೆಡಲಿನ ಮೇಲೆ ಅರ್ಧ ದಿನ ಬೇಕು.

ನಮ್ಮ ಕ್ಲಬ್ಬಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಮೇಷ್ಟ್ರಿದ್ದರು. ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಅಲ್ಲಿನ ಸೈಕಲ್ ಕ್ಲಬ್ಬುಗಳಲ್ಲಿ ವಯಸ್ಸು ನೋಡದೆ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಕರೆಯುತ್ತಾರೆ. ನನಗೆ ಬಾಯಿ ಬರದೆ ಕೊನೆಯವರೆಗೂ ಅವರನ್ನು ಬಹುವಚನದಲ್ಲೇ ಮಾತಾಡಿಸಿದೆ. ಅವರಿಗೆ ಅದು ತಮಾಷೆ. ಯಾವ ದಾರಿ ಸುಲಭ ಎಂದು ಕೇಳಿದರೆ ಅವರು ನೂರಕ್ಕೆ ಇಷ್ಟು ಏರು, ಇಷ್ಟು ಕಿಲೋಮೀಟರು ಎಂದು ಲೆಕ್ಕ ಹೇಳುತ್ತಿರಲಿಲ್ಲ. "ಆ ರಸ್ತೆ ಯಾರು, ಯಾತಕ್ಕೆ ಹಾಕಿದ್ದು ಅಂತ ಕೇಳು. ಗಾಡಿಗೆ ಹಾಕಿದ್ದಾದರೆ ನಿನ್ನ ಕೈಲಾಗುತ್ತೆ. ಹೇಸರಗತ್ತೆಗೆ ಹಾಕಿದ್ದಾದರೆ ಬೆಳಿಗ್ಗೆ ಚೆನ್ನಾಗಿ ತಿಂದುಕೊಂಡು ಬಾ" ಎನ್ನುತ್ತಿದ್ದರು. ಮೇಷ್ಟ್ರಾದವರು ಎಲ್ಲದರಲ್ಲೂ ಪಾಠ ತುರುಕುತ್ತಾರೆ ಎಂದು ನಕ್ಕಿದ್ದೆ. ಆಮೇಲಾಮೇಲೆ ಆ ಸೀಮೆಯ ರಸ್ತೆಗಳನ್ನು ನೋಡುವ ಬೇರೆ ಬಗೆಯೇ ನನಗೆ ಉಳಿಯಲಿಲ್ಲ.

ಮೊದಲು ಪರಿಚಯವಾದದ್ದು ಎರೋ ಹೊಳೆಯ ದಾರಿ. ಗಾಂಜ್ ಎಂಬ ಪೇಟೆಯವರೆಗೆ ಮೇಷ್ಟ್ರ ಕಾರಿನಲ್ಲಿ ಸೈಕಲ್ ಹೇರಿಕೊಂಡು ಹೋಗುವುದು, ಅಲ್ಲಿಂದ ಹೊಳೆಯ ಎದುರಿಗೆ ವಾಲ್‌ರೋಗ್ ಊರಿನ ತನಕ ತುಳಿಯುವುದು. ಏರು ಇದೆ ಎಂದು ಕಾಲಿಗೆ ಗೊತ್ತಾಗದಷ್ಟು ಮೆಲ್ಲಗೆ ಏರುವ ರಸ್ತೆ. ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಒಂದು ಕಡೆ ನೀರು, ಇನ್ನೊಂದು ಕಡೆ ಬೆಟ್ಟಕ್ಕೆ ಮೆಟ್ಟಿಲು ಕಡಿದು ಮಾಡಿದ ಹೊಲಗಳು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಎಬ್ಬಿಸಿದ ಗೋಡೆಗಳು ಬೆಟ್ಟದ ಬುಡದಿಂದ ಕಣ್ಣು ಹಾಯುವವರೆಗೆ ಒಂದರ ಮೇಲೊಂದು ನಿಂತಿವೆ. ಮೇಲಿನ ಬಹುಪಾಲು ಮೆಟ್ಟಿಲುಗಳನ್ನು ಕಾಡು ನುಂಗಿದೆ. ಕೆಳಗಿನವುಗಳಲ್ಲಿ ಈರುಳ್ಳಿ ಬೆಳೆಯುತ್ತಾರೆ. ದಪ್ಪ, ಬೆಳ್ಳನೆಯ, ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬಾರದ ಸಿಹಿ ಈರುಳ್ಳಿ. 2003ರಲ್ಲಿ ಅದಕ್ಕೆ ಫ್ರಾನ್ಸ್ ಸರ್ಕಾರದ ಮೂಲಸ್ಥಾನದ ಮುದ್ರೆ ಬಿದ್ದಿದೆ. ನಮ್ಮ ಜಿಐ ಮುದ್ರೆಯಂಥದ್ದು.

ಈರುಳ್ಳಿ ಈಚಿನದು. ಈ ಕಣಿವೆಗಳ ಬದುಕು ಕಟ್ಟಿದ್ದು ಮೊದಲು ಚೆಸ್ಟ್‌ನಟ್ ಮರ, ಆಮೇಲೆ ರೇಷ್ಮೆ. ಗೋಧಿ ಬೆಳೆಯದ ಈ ಇಳಿಜಾರಿನಲ್ಲಿ ಜನ ಚೆಸ್ಟ್‌ನಟ್ ಒಣಗಿಸಿ, ಹಿಟ್ಟು ಮಾಡಿ, ಅಂಬಲಿ ಕಾಯಿಸಿ ಚಳಿಗಾಲ ಕಳೆದರು. ಅದನ್ನು ರೊಟ್ಟಿಯ ಮರ ಎಂದೇ ಕರೆದರು. 1709ರ ಭಯಂಕರ ಚಳಿಗೆ ಆ ಮರಗಳು ಸಾಲುಸಾಲಾಗಿ ಸತ್ತಾಗ ಅವುಗಳ ಜಾಗಕ್ಕೆ ಬಂದದ್ದು ಹಿಪ್ಪುನೇರಳೆ. ಅದು ಚಿನ್ನದ ಮರವಾಯಿತು. ಗಾಂಜ್ ಪೇಟೆಯ ರೇಷ್ಮೆ ಕಾಲುಚೀಲಕ್ಕೆ ದೊಡ್ಡ ಹೆಸರಿತ್ತು. ಗೂಡು, ನೂಲು ತುಂಬಿದ ಗಾಡಿಗಳು ಈ ಹೊಳೆಬದಿಯಲ್ಲೇ ಓಡಾಡಿದವು. ಎಳೆಯುವ ಪ್ರಾಣಿ ನಡುವೆ ನಿಲ್ಲದೆ ಸಾಗಬೇಕಾದರೆ ಏರು ಎಷ್ಟಿರಬೇಕೋ ಅಷ್ಟೇ ಇದೆ, ಒಂದು ಗೇರೂ ಬದಲಿಸಬೇಕಿಲ್ಲ.

ನಾನು ರಾಮನಗರದ ಕಡೆಯವಳು. ಮನೆಯಲ್ಲಿ ಈಗಲೂ ಹುಳ ಮೇಯಿಸುತ್ತಾರೆ. ಹಾಗಾಗಿ ಈ ಕಣಿವೆಯ ತೋಟದ ಮನೆಗಳ ಮೇಲಂತಸ್ತು ನೋಡಿದ ಕೂಡಲೇ ಅದು ಯಾತಕ್ಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ವಾಸಕ್ಕಲ್ಲದ ಉದ್ದನೆಯ ಕಲ್ಲಿನ ಅಂಕಣ, ಸಣ್ಣ ಸಣ್ಣ ಕಿಟಕಿ, ಮೂಲೆಗಳಲ್ಲಿ ಹೊಗೆಗೂಡು. ಹುಳು ಮನೆಯಲ್ಲದೆ ಇನ್ನೇನು?

ಒಮ್ಮೆ ಹೊಳೆದಾರಿಯಿಂದ ಮೇಲಕ್ಕೆ ಕವಲೊಡೆದ ಹಳ್ಳಿಯೊಂದರಲ್ಲಿ ಬಾಟಲಿಗೆ ನೀರು ಕೇಳಲು ಬಾಗಿಲು ತಟ್ಟಿದೆ. ಎಂಬತ್ತು ದಾಟಿದ ಅಜ್ಜಿ. ನೀರು ತುಂಬಿಸಿ ಕೊಟ್ಟು ಯಾವ ದೇಶ ಎಂದು ವಿಚಾರಿಸಿದರು. ಹೇಳಿದೆ. ಮೇಲಂತಸ್ತಿನ ಕಡೆ ಕೈತೋರಿಸಿ, ನಮ್ಮ ಮನೆಯಲ್ಲೂ ರೇಷ್ಮೆ ಹುಳು ಸಾಕುತ್ತೇವೆ ಎಂದೆ. ಅಜ್ಜಿ ನನ್ನ ಹೆಲ್ಮೆಟ್ಟು, ಬಿಗಿ ಚಡ್ಡಿ, ಟಕಟಕ ಎನ್ನುವ ಬೂಟು ಎಲ್ಲವನ್ನೂ ಒಂದು ಸುತ್ತು ನೋಡಿದರು.

"ಈಗಲೂ?"

"ಈಗಲೂ."

"ಹಾಗಾದರೆ ಬನ್ನಿ. ಬೂಟು ಬಿಚ್ಚಿಡಿ, ಮೆಟ್ಟಿಲು ಜಾರುತ್ತೆ."

ಮೇಲೆ ಹಳೇ ಕುರ್ಚಿ, ಮುರಿದ ತೊಟ್ಟಿಲು, ದ್ರಾಕ್ಷಿ ಬುಟ್ಟಿಗಳ ಹಿಂದೆ ತಟ್ಟೆ ಜೋಡಿಸುವ ಮರದ ಕಂಬಗಳು ಹಾಗೇ ನಿಂತಿದ್ದವು. ಅಜ್ಜಿ ಹುಡುಗಿಯಾಗಿದ್ದಾಗ ಅಲ್ಲಿ ಹುಳು ಸಾಕಿದ್ದರಂತೆ. ವರ್ಷಕ್ಕೆ ಒಂದೇ ಬೆಳೆ, ವಸಂತದಲ್ಲಿ. ಹಿಪ್ಪುನೇರಳೆ ಚಿಗುರಿದಾಗ ಮೊಟ್ಟೆ ಒಡೆಯಬೇಕು, ಹೊರಗೆ ಚಳಿ ಇದ್ದರೆ ನಾಲ್ಕೂ ಮೂಲೆಗೆ ಬೆಂಕಿ ಹಾಕಬೇಕು. ಅವರ ಅಜ್ಜಿಯ ಕಾಲದಲ್ಲಿ ಹೆಂಗಸರು ಮೊಟ್ಟೆಗಳನ್ನು ಸಣ್ಣ ಚೀಲದಲ್ಲಿಟ್ಟು ಮೈಯ ಬಿಸಿಗೆ ಒಡೆಯಲೆಂದು ಬಟ್ಟೆಯೊಳಗೆ ಕಟ್ಟಿಕೊಳ್ಳುತ್ತಿದ್ದರಂತೆ. ನಾಲ್ಕು ಬೆರಳು ಮಡಿಸಿ ನಾಲ್ಕು ಸಲ ಹುಳು ಮಲಗುವುದನ್ನು ಹೇಳಿದರು. ನಮ್ಮಲ್ಲೂ ನಾಲ್ಕೇ, ಹುಳು ಹಾಗೆ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಹಣ್ಣಾದ ಹುಳು ಗೂಡು ಕಟ್ಟಲು ಅವರು ಬೆಟ್ಟದ ಕುರುಚಲು ಗಿಡದ ಕಡ್ಡಿಗಳನ್ನು ಕಮಾನಾಗಿ ನಿಲ್ಲಿಸುತ್ತಿದ್ದರು. ಫೋನಿನಲ್ಲಿದ್ದ ನಮ್ಮ ಬಿದಿರಿನ ಚಂದ್ರಿಕೆಯ ಫೋಟೊ ತೋರಿಸಿದೆ. ಕನ್ನಡಕ ಹುಡುಕಿ ತಂದು, ಬೆಳಕಿಗೆ ಹಿಡಿದು ನೋಡಿ, "ಇದು ಚೊಕ್ಕಟ. ನಮ್ಮದರಲ್ಲಿ ಕಸ ಆರಿಸಿ ಬೆರಳು ಹೋಗ್ತಿತ್ತು" ಎಂದರು. ಆ ದಿನ ಎಗ್ವಾಲ್ ಶಿಖರಕ್ಕೆ ಹೋಗುವ ಯೋಜನೆ ಅಲ್ಲೇ ಬಿದ್ದುಹೋಯಿತು. ಮೇಷ್ಟ್ರು ಕೆಳಗೆ ಕಾದು ಕಾದು ಹೊಳೆಯಲ್ಲಿ ಕಾಲಿಟ್ಟುಕೊಂಡು ಕೂತಿದ್ದರು.

ರಾತ್ರಿ ಅವ್ವನಿಗೆ ಫೋನು ಮಾಡಿ ಹೇಳಿದೆ.

"ಅಲ್ಲೂ ಹುಳ ಮೇಯಿಸ್ತಿದ್ರೇನಮ್ಮೀ? ಸೊಪ್ಪು ಎಲ್ಲಿಂದ ತರೋರು?"

ನಮ್ಮ ಹಾಗೆ ಸಾಲಿನಲ್ಲಿ ಗಿಡ ಕತ್ತರಿಸುವುದಲ್ಲ, ದೊಡ್ಡ ಮರಗಳು, ಏಣಿ ಹಾಕಿ ಹತ್ತಿ ಎಲೆ ಸವರಬೇಕು ಎಂದೆ.

"ಮರ ಹತ್ತಿ ಸೊಪ್ಪು ಕುಯ್ಯೋದಾ! ನಡ ಮುರ್ದೋಗ್ತದೆ." ಆಮೇಲೆ ಕೇಳಿದ್ದು ಕಸುಬುದಾರಳ ಪ್ರಶ್ನೆ. "ಗಂಟುರೋಗ ಬರ್ತಿತ್ತಂತಾ?"

ಬರುತ್ತಿತ್ತು. ಆ ಸೀಮೆಯನ್ನು ಮುಳುಗಿಸಿದ್ದೇ ಅದು. 1853ರಲ್ಲಿ ಫ್ರಾನ್ಸಿನಲ್ಲಿ 26,000 ಟನ್ ಗೂಡು ಬೆಳೆದಿದ್ದರು. ಅದೇ ಕೊನೆಯ ಏರು. ಹುಳುವಿನ ಮೈಮೇಲೆ ಕರಿಮೆಣಸು ಉದುರಿಸಿದಂಥ ಚುಕ್ಕೆ ಏಳುವ ರೋಗ ಹಬ್ಬಿ, ಹನ್ನೆರಡು ವರ್ಷಗಳಲ್ಲಿ ಬೆಳೆ ಆರನೇ ಒಂದು ಭಾಗಕ್ಕೆ ಇಳಿಯಿತು. ಈ ಬೆಟ್ಟಗಳ ಬುಡದ ಆಲೆಸ್ ಊರಿನ ರಸಾಯನಶಾಸ್ತ್ರಜ್ಞ ಝಾಂ ಬಾತಿಸ್ತ್ ದ್ಯೂಮಾ ತನ್ನ ಶಿಷ್ಯ ಲೂಯಿ ಪಾಶ್ಚರ್‌ನನ್ನು 1865ರಲ್ಲಿ ಅಲ್ಲಿಗೆ ಕಳಿಸಿದ. ಪಾಶ್ಚರ್ ಅದುವರೆಗೆ ರೇಷ್ಮೆ ಹುಳು ಮುಟ್ಟಿದವನಲ್ಲ. ದಾರಿಯಲ್ಲಿ ಅವಿನ್ಯೋಂನಲ್ಲಿ ಕೀಟಶಾಸ್ತ್ರಜ್ಞ ಝಾಂ ಆನ್ರಿ ಫಾಬ್ರ್‌ನ ಮನೆಗೆ ಬಂದವನು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗುಪಟ್ಟನಂತೆ. ಫಾಬ್ರ್ ಇದನ್ನು ಬರೆದಿಟ್ಟಿದ್ದಾನೆ. ಅಂಥವನು ಆಲೆಸ್ ಪಕ್ಕದ ತೋಟದ ಮನೆಯಲ್ಲಿ ವರ್ಷಗಟ್ಟಲೆ ಹುಳುಗಳ ಜೊತೆ ಕೂತ. ಆ ಅವಧಿಯಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ, 1868ರಲ್ಲಿ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ಕೊನೆಗೆ ಅವನು ಕಂಡುಕೊಂಡ ಉಪಾಯ ಸರಳ. ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಹಾಕುವುದು, ಕಾಣದಿದ್ದರೆ ಇಟ್ಟುಕೊಳ್ಳುವುದು.

ನಮ್ಮ ಕಡೆಯ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಮಾಡುವುದು ಇದನ್ನೇ. ನೂರು ಮೊಟ್ಟೆ ಎಂದು ಅಪ್ಪ ತರುವ ಹಾಳೆಯ ಹಿಂದೆ ಅರೆದು ನೋಡಿದ ತಾಯಿ ಚಿಟ್ಟೆಗಳಿವೆ. ಪಾಶ್ಚರ್ ರೇಷ್ಮೆಯನ್ನು ಉಳಿಸಿದ, ಆದರೆ ಸೆವೆನ್ನಿನ ರೇಷ್ಮೆಯನ್ನಲ್ಲ. ಅವನ ಕೆಲಸ ಮುಗಿಯುವ ಹೊತ್ತಿಗೆ, 1869ರಲ್ಲಿ, ಸೂಯೆಜ್ ಕಾಲುವೆ ತೆರೆದು ಏಷ್ಯಾದ ಅಗ್ಗದ ರೇಷ್ಮೆ ಹಡಗಿನಲ್ಲಿ ಬಂದಿಳಿಯಿತು. ಆಮೇಲೆ ಕೃತಕ ನೂಲು ಬಂತು. ಸ್ಯಾಂ ಝಾಂ ದ್ಯು ಗಾರ್ ಊರಿನ ಮೇಜೊಂ ರೂಜ್ ಎಂಬ ನೂಲು ಬಿಚ್ಚಣಿಕೆ ಕಾರ್ಖಾನೆ 1965ರವರೆಗೆ ಉಸಿರು ಹಿಡಿದಿತ್ತು. ಈಗ ಅದು ವಸ್ತುಸಂಗ್ರಹಾಲಯ. ಟಿಕೆಟ್ ಕೊಟ್ಟು ಒಳಗೆ ಹೋಗಿ, ರಾಮನಗರದ ಓಣಿಗಳಲ್ಲಿ ಇವತ್ತು ಬೆಳಿಗ್ಗೆಯೂ ಓಡುತ್ತಿರುವಂಥ ಯಂತ್ರಗಳನ್ನು ಗಾಜಿನಾಚೆ ನೋಡಿ ಬಂದೆ. ಮನಸ್ಸಿಗೆ ಹಿತವೆನಿಸಲಿಲ್ಲ.

ವಾಲ್‌ರೋಗ್ ದಾಟಿದ ಮೇಲೆ ರಸ್ತೆಯ ಗುಣ ಬದಲಾಗುತ್ತದೆ. ಅಲ್ಲಿಂದ ಎಗ್ವಾಲ್ ಶಿಖರಕ್ಕೆ ಸುಮಾರು ಮೂವತ್ತು ಕಿಲೋಮೀಟರು, ಏರಬೇಕಾದದ್ದು 1,200 ಮೀಟರು. ಲೆಕ್ಕ ಹಾಕಿದರೆ ನೂರು ಮೀಟರಿಗೆ ನಾಲ್ಕರ ಆಸುಪಾಸು. ಉಸಿರು ಕಟ್ಟಿಸುವಂಥದ್ದಲ್ಲ, ಮುಗಿಯುವಂಥದ್ದೂ ಅಲ್ಲ. ಮೊದಲು ಚೆಸ್ಟ್‌ನಟ್, ಆಮೇಲೆ ಬೀಚ್, ಮೇಲೆ ಪೈನ್. ಮರದ ಜಾತಿ ಬದಲಾದದ್ದರಲ್ಲೇ ಎಷ್ಟು ಏರಿದೆವೆಂದು ತಿಳಿಯಬೇಕು, ನೋಟ ಸಿಗುವುದು ಅಪರೂಪ. ಬೇಸಿಗೆಯಲ್ಲಿ ಈ ನೆರಳಿಗಾಗಿಯೇ ಜನ ಈ ದಾರಿ ಹಿಡಿಯುತ್ತಾರೆ.

ಈ ಕಾಡು ಹಳೆಯದಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಎಗ್ವಾಲ್ ಬೋಳುಬೆಟ್ಟವಾಗಿತ್ತು. ಕುರಿ ಮೇಯಿಸಿ, ಇದ್ದಿಲು ಸುಟ್ಟು, ಗಾಜಿನ ಕುಲುಮೆಗೆ ಸೌದೆ ಕಡಿದು ಖಾಲಿ ಮಾಡಿದ್ದರು. ವರ್ಷಕ್ಕೆ 2,000 ಮಿಲಿಮೀಟರ್ ಮಳೆ ಬೀಳುವ ಬೆಟ್ಟ ಬೋಳಾದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಮಣ್ಣು ಹೊಳೆ ಸೇರಿತು, ಹೊಳೆ ಊರಿಗೆ ನುಗ್ಗಿತು. ಜಾರ್ಜ್ ಫಾಬ್ರ್ ಎಂಬ ಅರಣ್ಯಾಧಿಕಾರಿ (ಪಾಶ್ಚರ್‌ಗೆ ಗೂಡು ತೋರಿಸಿದ ಫಾಬ್ರ್ ಬೇರೆ) ಕುರಿಗಾಹಿಗಳ ಸಿಟ್ಟು ಎದುರಿಸಿ, ತುಂಡು ತುಂಡಾಗಿ ಜಮೀನು ಕೊಂಡು, ಸಸಿ ನೆಟ್ಟು, ದಶಕಗಳಲ್ಲಿ ಈ ಕಾಡು ಎಬ್ಬಿಸಿದ. ಸಸ್ಯಶಾಸ್ತ್ರಜ್ಞ ಶಾರ್ಲ್ ಫ್ಲಾಹೋ ಜೊತೆಯಾಗಿ, ಯಾವ ಮರ ಇಲ್ಲಿ ಬದುಕುತ್ತದೆ ಎಂದು ನೋಡಲು ಶಿಖರದ ಕೆಳಗೆ ದೇಶದೇಶದ ಮರಗಳ ತೋಪು ಮಾಡಿದ. 1894ರಲ್ಲಿ ಶಿಖರದ ಮೇಲೆ ಹವಾಮಾನ ವೀಕ್ಷಣಾಲಯ ತೆರೆಯಿತು. ಅದನ್ನು ಕಟ್ಟಿಸಿದ್ದೂ ಅರಣ್ಯ ಇಲಾಖೆಯೇ. ಮೇಲಿನ ಭಾಗದ ಅನೇಕ ರಸ್ತೆಗಳು ಸಸಿ, ಸಾಮಾನು, ಆಮೇಲೆ ದಿಮ್ಮಿ ಸಾಗಿಸಿದ ದಾರಿಗಳು. ಅರಣ್ಯದವರು ರಸ್ತೆ ಹಾಕುವಾಗ ಅವಸರ ಮಾಡುವುದಿಲ್ಲ, ಬೆಟ್ಟವನ್ನು ಸುತ್ತುತ್ತಾರೆ. ಆ ಸುತ್ತಿನ ಋಣ ನಮ್ಮ ಮೊಣಕಾಲಿಗೆ ಗೊತ್ತು.

ಏಣು ಕೊಂಚ ತಗ್ಗಿ ರಸ್ತೆಗೆ ದಾರಿ ಕೊಡುವ ಸೆರೆರೆದ್ ಎಂಬ ತಗ್ಗಿನಲ್ಲಿ, 1,300 ಮೀಟರಿನ ಹತ್ತಿರ, ನೀರು ಇಬ್ಭಾಗವಾಗುತ್ತದೆ. ಒಂದು ಪಕ್ಕದ ಮಳೆ ಎರೋ ಹೊಳೆ ಸೇರಿ ಮೆಡಿಟರೇನಿಯನ್‌ಗೆ. ಇನ್ನೊಂದು ಪಕ್ಕದ್ದು ತಾರ್ನ್, ಗಾರೋನ್ ನದಿಗಳ ಮೂಲಕ ಅಟ್ಲಾಂಟಿಕ್‌ಗೆ. ಜೂನ್ ತಿಂಗಳಲ್ಲಿ ಕೆಳಗಿನ ಬಯಲಿನ ಕುರಿಮಂದೆಗಳು ಕೊರಳಗಂಟೆ, ಬಣ್ಣದ ಕುಚ್ಚು ಕಟ್ಟಿಕೊಂಡು ಮೇಲಿನ ಹುಲ್ಲಿಗೆ ನಡೆದುಬರುತ್ತವೆ. ಪಕ್ಕದ ಲೆಸ್ಪೆರೂ ಊರಲ್ಲಿ ಅವತ್ತು ಜಾತ್ರೆ. ಹಾಗೊಮ್ಮೆ ಮಂದೆಯ ನಡುವೆ ಸಿಕ್ಕಿ ಒಂದು ಗಂಟೆ ಅಲ್ಲಾಡದೆ ನಿಂತೆವು. ಬೆಟ್ಟವನ್ನು ಬೋಳು ಮಾಡಿದ ಕುರಿಗಳ ಮೇಲೆ ಮೇಷ್ಟ್ರಿಗೆ ಸಿಟ್ಟಿಲ್ಲವೇ ಎಂದು ಕೇಳಿದೆ. "ಸಿಟ್ಟು ಯಾಕೆ? ಅವು ಬರದೆ ಹೋದರೆ ಈ ಹುಲ್ಲುಗಾವಲೂ ಕಾಡಾಗಿಬಿಡುತ್ತೆ" ಎಂದರು. 2011ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕುರಿ ಸಾಕಣೆ ರೂಪಿಸಿದ ನೆಲಕ್ಕಾಗಿಯೇ.

ಶಿಖರದ ಮೇಲೆ ಕೋಟೆಯಂಥ ಕಲ್ಲುಕಟ್ಟಡ ಬಿಟ್ಟರೆ ಮರೆ ಎಂಬುದಿಲ್ಲ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಸಮುದ್ರ, ಒಂದು ಕಡೆ ಆಲ್ಪ್ಸ್, ಒಂದು ಕಡೆ ಪಿರೆನೀಸ್ ಕಾಣುತ್ತದೆಂದು ಫಲಕ ಹೇಳುತ್ತದೆ. ನನಗೆ ಬಹುತೇಕ ಮಂಜೇ ಸಿಕ್ಕಿತು. ಗಾಳಿಗೆ ಸೈಕಲ್ ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ. ಇಳಿಯುವ ಮೊದಲು ಮೇಷ್ಟ್ರು ಅಂಗಡಿಯಲ್ಲಿ ಹಳೇ ದಿನಪತ್ರಿಕೆ ಕೇಳಿ ಪಡೆದು ಅಂಗಿಯೊಳಗೆ ಎದೆಗೆ ಸೇರಿಸಿಕೊಳ್ಳುತ್ತಿದ್ದರು. ಹಳೇ ರೇಸುಗಾರರ ರೂಢಿ. ನನಗೂ ಒಂದು ಹಾಳೆ ಕೊಡುತ್ತಿದ್ದರು, ಕ್ರೀಡಾಪುಟ ಬಿಟ್ಟು.

ಮೇಷ್ಟ್ರ ಪಾಠ ಅಕ್ಷರಶಃ ಕಾಲಿಗೆ ತಾಗಿದ್ದು ಕೊರ್ನೀಶ್ ರಸ್ತೆಯಲ್ಲಿ. ಸ್ಯಾಂ ಝಾಂ ದ್ಯು ಗಾರ್‌ನಿಂದ ಫ್ಲೊರಾಕ್‌ಗೆ ಹೋಗುವ ಐವತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ಊರುಗಳೆಲ್ಲ ಕಣಿವೆಯಲ್ಲಿವೆ, ನೀರು ಕಣಿವೆಯಲ್ಲಿದೆ, ಮಾರುಕಟ್ಟೆ ಕಣಿವೆಯಲ್ಲಿದೆ. ರಸ್ತೆ ಮಾತ್ರ ಎರಡು ಕಣಿವೆಗಳ ನಡುವಿನ ಏಣಿನ ಮೇಲೆ, ಯಾರ ಮನೆಗೂ ಹೋಗದೆ ಓಡುತ್ತದೆ. ಇಂಥ ರಸ್ತೆ ಊರಿನವರು ಹಾಕಿಕೊಂಡದ್ದಲ್ಲ. ಊರಿನವರನ್ನು ಮೇಲಿನಿಂದ ಕಾಯಲು ಯಾರೋ ಹಾಕಿದ್ದು.

ಹಾಕಿಸಿದವನು ಹದಿನಾಲ್ಕನೇ ಲೂಯಿ ದೊರೆಯ ಪ್ರಾಂತ್ಯಾಧಿಕಾರಿ ಬಾವಿಲ್. ಈ ಬೆಟ್ಟದ ಜನ ಪ್ರಾಟೆಸ್ಟಂಟರು. 1685ರಲ್ಲಿ ದೊರೆ ಅವರ ಧರ್ಮಾಚರಣೆಯನ್ನು ನಿಷೇಧಿಸಿದ. ಅವರ ಪ್ರಾರ್ಥನಾಮಂದಿರಗಳನ್ನು ಕೆಡವಿದ ಮೇಲೆ ಜನ ರಾತ್ರಿ ಕಾಡಿನಲ್ಲಿ, ಗುಹೆಗಳಲ್ಲಿ ಸೇರಿ ಪ್ರಾರ್ಥಿಸಿದರು. ಸಿಕ್ಕಿಬಿದ್ದ ಗಂಡಸರು ಹುಟ್ಟು ಹಾಕುವ ಸೆರೆಹಡಗಿಗೆ, ಹೆಂಗಸರು ಕೋಟೆಯ ಸೆರೆಗೆ. ಬಾವಿಲ್ ಹೇಸರಗತ್ತೆಯ ಹಾದಿಗಳನ್ನು ಅಗಲ ಮಾಡಿಸಿ, ಸೈನಿಕರೂ ಫಿರಂಗಿಯೂ ಹೋಗುವಂತೆ ರಾಜಮಾರ್ಗಗಳನ್ನು ಹಾಕಿಸಿದ. 1702ರ ಜುಲೈಯಲ್ಲಿ ಪೋಂ ದ ಮೋಂವೆರ್ ಊರಿನಲ್ಲಿ ಹಿಂಸೆಗೆ ಹೆಸರಾದ ಒಬ್ಬ ಪಾದ್ರಿಯ ಕೊಲೆಯಾಗಿ ದಂಗೆ ಹೊತ್ತಿಕೊಂಡಿತು. ಉಣ್ಣೆ ಹಿಂಜುವವರು, ಕುರಿಗಾಹಿಗಳು, ರೊಟ್ಟಿ ಸುಡುವವರು ದೊರೆಯ ಸೇನೆಗೆ ಎರಡು ವರ್ಷ ತಿರುಗಿಬಿದ್ದರು. ಕಮಿಸಾರ್ ಎಂಬ ಹೆಸರು ಅವರಿಗೆ ಬಂತು. 1703ರ ಶರತ್ಕಾಲದಲ್ಲಿ ಸೇನೆ ಈ ಬೆಟ್ಟಗಳ 466 ಹಳ್ಳಿ ಹಟ್ಟಿಗಳನ್ನು ಸುಟ್ಟಿತು.

ಸ್ಯಾಂ ಝಾಂನಿಂದ ಹೊರಟರೆ ಸ್ಯಾಂ ಪಿಯೆರ್ ತಗ್ಗಿನವರೆಗೆ ಹತ್ತು ಕಿಲೋಮೀಟರಿನೊಳಗೆ ನಾನೂರು ಮೀಟರ್ ಏರು. ಫಿರಂಗಿ ಎಳೆಯುವ ಕುದುರೆಗೆಂದು ಅಳೆದ ಏರು ಅದು. ಎಲ್ಲೂ ಜಿಗಿಯುವುದಿಲ್ಲ, ಎಲ್ಲೂ ಬಿಡುವು ಕೊಡುವುದಿಲ್ಲ. ಒಂದು ಗೇರು ಹಾಕಿ, ಒಂದೇ ತಾಳದಲ್ಲಿ ತುಳಿದು ಹತ್ತಬಹುದು. ಮುಂದೆ ಪೊಂಪಿದು ಎಂಬ ಹಳ್ಳಿ, ಅದರಾಚೆ ಸುಣ್ಣಕಲ್ಲಿನ ಬಯಲು, ಸಾವಿರ ಮೀಟರಿನ ಮೇಲೆ ಮರವಿಲ್ಲದ ಗಾಳಿಬಯಲು. ಎಡಕ್ಕೆ ಬಲಕ್ಕೆ ಏಣಿನ ಹಿಂದೆ ಏಣು, ನೀಲಿಯ ಹಿಂದೆ ಇನ್ನಷ್ಟು ನೀಲಿ. ನಾನು ತುಳಿದ ರಸ್ತೆಗಳಲ್ಲೆಲ್ಲ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಈ ನೋಟ ಇಷ್ಟು ವಿಶಾಲವಾಗಿರುವುದು ಕಣಿವೆಗಳ ಜನರನ್ನು ಮೇಲಿನಿಂದ ಕಾಯಲು ಹಾಕಿದ ರಸ್ತೆ ಇದಾದ್ದರಿಂದ. ಪ್ರವಾಸಿ ಕೈಪಿಡಿಗಳು ನೋಟವನ್ನು ಹೊಗಳಿ ಮುಂದೆ ಹೋಗುತ್ತವೆ.

ಇದೇ ಸ್ಯಾಂ ಪಿಯೆರ್ ತಗ್ಗನ್ನು 1878ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಮೊದೆಸ್ತೀನ್ ಎಂಬ ಕತ್ತೆಯ ಜೊತೆ ನಡೆದು ದಾಟಿದ. ಆ ಪ್ರವಾಸದ ಪುಸ್ತಕ ಪ್ರಸಿದ್ಧವಾಗಿ, ಈಗ ಅವನು ನಡೆದ ದಾರಿಯಲ್ಲಿ ಬಾಡಿಗೆ ಕತ್ತೆ ಹಿಡಿದು ನಡೆಯುವವರ ಸಾಲೇ ಸಿಗುತ್ತದೆ. ಏರಿನಲ್ಲಿ ಕತ್ತೆಗಳು ನನ್ನನ್ನು ಹಿಂದೆ ಹಾಕಿದ್ದಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ.

ನನ್ನಂಥವರು ಈ ಏರುಗಳನ್ನು ಹತ್ತಲು ಸಾಧ್ಯವಾದದ್ದಕ್ಕೆ ಕಾರಣನಾದ ಒಬ್ಬನ ಮಾತು ಹೇಳಲೇಬೇಕು. ಅವನೂ ರೇಷ್ಮೆಯವನೇ. ಪೋಲ್ ದ ವಿವಿ, ಉತ್ತರದ ಸ್ಯಾಂತೆತಿಯೆನ್ ಶಹರದಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದವನು. ಸೈಕಲ್ ಹುಚ್ಚು ಹತ್ತಿ ವ್ಯಾಪಾರ ಬಿಟ್ಟ, 1887ರಲ್ಲಿ ಸೈಕಲ್ ಪತ್ರಿಕೆ ಶುರುಮಾಡಿದ, ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆದ. ಸಸ್ಯಾಹಾರಿ. ಬೆಟ್ಟದ ಊರಿನವನಾದ್ದರಿಂದ ಒಂದೇ ಗೇರಿನ ಸೈಕಲ್ ಸಾಲದೆಂದು ಅವನಿಗೆ ಬೇಗ ತಿಳಿಯಿತು. ಒಂದಕ್ಕಿಂತ ಹೆಚ್ಚು ಗೇರು ಬೇಕೆಂದು ದಶಕಗಟ್ಟಲೆ ವಾದಿಸಿದ, ಮಾಡಿಸಿ ತೋರಿಸಿದ. ಟೂರ್ ದ ಫ್ರಾನ್ಸ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್‌ಗೆ ಗೇರು ಎಂದರೆ ಸೋಮಾರಿತನ. ರೇಸಿನಲ್ಲಿ ಗೇರು ಬದಲಿಸುವ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೊಸಿಯೊ ಸತ್ತು ಆಗಲೇ ಏಳು ವರ್ಷವಾಗಿತ್ತು. ಮುಂದೆ ಮೂವತ್ತನಾಲ್ಕು ಹಲ್ಲು, ಹಿಂದೆ ಮೂವತ್ತೆರಡು ಹಲ್ಲು ಹಾಕಿಕೊಂಡು ಬೆಟ್ಟ ಹತ್ತುವಾಗ ಯಾರಾದರೂ ನಕ್ಕರೆ ಅವರಿಗೆ ಈ ಕತೆ ಹೇಳಬಹುದು.

ಹೇಸರಗತ್ತೆಯ ರಸ್ತೆಯೂ ಒಂದಿದೆ. ಲೆ ವಿಗಾನ್ ಕಡೆಯಿಂದ ಲ್ಯುಜೆಟ್ ತಗ್ಗಿಗೆ ಹೋಗುವ ಕಿರಿದಾರಿ. ಹನ್ನೊಂದೂ ಮುಕ್ಕಾಲು ಕಿಲೋಮೀಟರಿಗೆ ಸರಾಸರಿ ಶೇ. 7.3 ಏರು, ನಡುನಡುವೆ ಶೇ. 10 ದಾಟುತ್ತದೆ. 2020ರಲ್ಲಿ, ಕೊರೊನಾದಿಂದ ಸೆಪ್ಟೆಂಬರಿಗೆ ಜಾರಿದ ಟೂರ್ ದ ಫ್ರಾನ್ಸ್ ಈ ದಾರಿ ಹಿಡಿದು ಎಗ್ವಾಲ್ ಶಿಖರದಲ್ಲಿ ಮುಗಿಯಿತು. ಅವತ್ತು ಗೆದ್ದವನು ಕಜಾಕ್‌ಸ್ತಾನದ ಅಲೆಕ್ಸೀ ಲುತ್ಸೆಂಕೊ. ನಾನು ಒಮ್ಮೆ ಹತ್ತಿದೆ. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಮುಂದಿನ ಚಕ್ರ ಬಿಟ್ಟು ಬೇರೇನೂ ಕಾಣಲಿಲ್ಲ.

ಎಗ್ವಾಲ್‌ನ ಆಚೆ ಮಗ್ಗುಲಿನ ಮೇರ್ವೆಸ್ ಊರು ಸೈಕಲಿಗರಿಗೆ ಸಣ್ಣ ಕ್ಷೇತ್ರವಾಗಿದೆ. ಡಚ್ ಲೇಖಕ ಟಿಮ್ ಕ್ರಾಬೆ 1978ರಲ್ಲಿ ಪ್ರಕಟಿಸಿದ ಕಾದಂಬರಿ ಇಡೀ ಒಂದು ರೇಸಿನ ಕತೆ, ಆ ರೇಸು ಶುರುವಾಗುವುದೂ ಮುಗಿಯುವುದೂ ಇಲ್ಲೇ. ಊರಿನಿಂದ ಕೆಳಕ್ಕೆ ಜೋಂತ್ ಕಮರಿಯ ರಸ್ತೆ ಹಿಡಿದರೆ ತಲೆಯ ಮೇಲೆ ರಣಹದ್ದುಗಳು ಸುತ್ತುತ್ತವೆ. ಅಲ್ಲಿ ಅವು ನಿರ್ನಾಮವಾಗಿದ್ದವು, 1981ರಿಂದ ಮತ್ತೆ ತಂದು ಬಿಟ್ಟು ಬೆಳೆಸಿದರು. ರಾಮದೇವರ ಬೆಟ್ಟದ ನೆತ್ತಿಯಲ್ಲಿ ಹದ್ದು ಎಣಿಸಿ, ವರ್ಷವರ್ಷಕ್ಕೆ ಎಣಿಕೆ ಇಳಿಯುವುದನ್ನು ನೋಡಿ ಬೆಳೆದ ನಾನು ಅಲ್ಲಿ ಎಣಿಸಲಾರದೆ ಕತ್ತು ನೋಯಿಸಿಕೊಂಡೆ.

ಬೆಂಗಳೂರಿನಿಂದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆಂದು 1,200 ಕಿಲೋಮೀಟರ್ ತುಳಿಯಲು ಹೋಗುವವರು ಈಗ ಕಡಿಮೆಯೇನಿಲ್ಲ. ಅದು ಮುಗಿದ ಮೇಲೆ ಐಫೆಲ್ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ವಿಮಾನ ಹತ್ತುತ್ತಾರೆ. ಅವರಿಗೂ, ಗೇರಿನ ಸೈಕಲ್ ಕೊಂಡು ನಂದಿಬೆಟ್ಟಕ್ಕೆ ಭಾನುವಾರ ಹೋಗುವವರಿಗೂ ನನ್ನದೊಂದು ಕೋರಿಕೆ. ಕಾಲು ಇನ್ನೂ ಓಡುತ್ತಿದ್ದರೆ ರೈಲಿನಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಹೋಗಿ. ಆಗಸ್ಟಿನಲ್ಲಿ ಕಣಿವೆ ಕಾದಿರುತ್ತದೆ, ಬೆಳಗಿನ ಆರಕ್ಕೇ ಹೊರಡಿ. ಆರಿಸಿಕೊಳ್ಳುವಂತಿದ್ದರೆ ಜೂನ್ ಒಳ್ಳೆಯದು. ಸೆಪ್ಟೆಂಬರಿನಿಂದ ನವೆಂಬರ್ ತನಕ ಸಮುದ್ರದ ಬಿಸಿ ಗಾಳಿ ಈ ಬೆಟ್ಟಕ್ಕೆ ಬಡಿದು ಗಂಟೆಗಳಲ್ಲಿ ತಿಂಗಳುಗಳ ಮಳೆ ಸುರಿಸುವುದುಂಟು. 2020ರ ಸೆಪ್ಟೆಂಬರ್ 19ರಂದು, ಟೂರ್ ದ ಫ್ರಾನ್ಸ್ ಹಾದುಹೋದ ಹದಿನಾರೇ ದಿನಕ್ಕೆ, ವಾಲ್‌ರೋಗ್ ಕಣಿವೆಯಲ್ಲಿ ಹಾಗೆ ಹೊಳೆ ಉಕ್ಕಿ ರಸ್ತೆಗಳನ್ನು ಕೊಚ್ಚಿಕೊಂಡು ಹೋಯಿತು. ಶರತ್ಕಾಲದಲ್ಲಿ ಕಾಡುಹಂದಿ ಬೇಟೆಯೂ ಇರುತ್ತದೆ, ಎದ್ದು ಕಾಣುವ ಬಣ್ಣದ ಅಂಗಿ ತೊಡಿ. ನೀರು ಸಿಗದಿದ್ದರೆ ಊರ ಹೊರಗಿನ ಸ್ಮಶಾನಕ್ಕೆ ಹೋಗಿ. ಹೂಕುಂಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಕುಡಿಯಬಾರದೆಂಬ ಫಲಕ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಒಂದೇ ದಿನ ಇದ್ದರೆ ಎಗ್ವಾಲ್ ಬಿಡಿ, ಕೊರ್ನೀಶ್ ತುಳಿಯಿರಿ, ಸ್ಯಾಂ ಝಾಂನಿಂದ ಹೊರಟು ಫ್ಲೊರಾಕ್ ಕಡೆಗೆ. ಸೋಮವಾರ ಬೇಡ, ದಾರಿಯ ಬೇಕರಿಗಳು ಮುಚ್ಚಿರುತ್ತವೆ.